ಆ 114 ಎಲ್ಲಿಂದ ಬಂತು?

ಕರ್ನಾಟಕದಲ್ಲಿ 114 ಹಿಂದುಳಿದ ತಾಲ್ಲೂಕುಗಳಿವೆ ಎಂಬ ಮಾತನ್ನು ನೀವು ಪತ್ರಿಕೆಯಲ್ಲಿ ಓದಿರುತ್ತೀರಿ, ಭಾಷಣದಲ್ಲಿ ಕೇಳಿರುತ್ತೀರಿ. ಸಾರ್ವಜನಿಕ ನೀತಿಯ ಅಧ್ಯಯನಕ್ಕೆ ಹೊಸದಾಗಿ ಬಂದವರು ಅದನ್ನು ಹಾಗೆಯೇ ಟಿಪ್ಪಣಿಗೆ ಇಳಿಸಿಕೊಂಡುಬಿಡುತ್ತಾರೆ. ಸ್ವಲ್ಪ ತಡೆಯಿರಿ, ಮೊದಲು ಆ ಸಂಖ್ಯೆಯ ತವರು ಹುಡುಕೋಣ.

ಪ್ರಾದೇಶಿಕ ಅಸಮಾನತೆಯ ಬಗ್ಗೆ ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. 114 ಹುಟ್ಟಿದ್ದು ಅಲ್ಲಿ. ವರದಿ ಕೈಗೆ ಸಿಕ್ಕ ಕೂಡಲೇ ಶಿಫಾರಸುಗಳ ಪುಟಕ್ಕೆ ಹಾರಬೇಡಿ. ಲೆಕ್ಕ ಹಾಕಿದ ಬಗೆಯನ್ನು ಹೇಳುವ ಅಧ್ಯಾಯವನ್ನು ಕೂತು ಓದಿ. ಆಗ ಇದ್ದದ್ದು 175 ತಾಲ್ಲೂಕು. ಕೃಷಿ, ಕೈಗಾರಿಕೆ, ಮೂಲಸೌಕರ್ಯ, ಶಿಕ್ಷಣ, ಆರೋಗ್ಯ ಎಂದು 35 ಸೂಚಕಗಳಲ್ಲಿ ಅವನ್ನು ಅಳೆದರು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡರು. ಅದಕ್ಕಿಂತ ಕೆಳಗಿದ್ದವು 114. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು.

ಈಗ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಅಳತೆಗೋಲು ಸರಾಸರಿಯಾದರೆ, ಎಲ್ಲ ತಾಲ್ಲೂಕುಗಳೂ ಒಂದೇ ಸಮ ಮೇಲೇರಿದರೂ ಕೆಲವು ಅದರ ಕೆಳಗೇ ಉಳಿಯುತ್ತವೆ, ಅಲ್ಲವೇ? 0.99 ಪಡೆದ ಊರಿನ ಬದುಕು 1 ಪಡೆದ ಊರಿನದಕ್ಕಿಂತ ನಿಜಕ್ಕೂ ಎಷ್ಟು ಬೇರೆ? ರಾಯಚೂರು ಜಿಲ್ಲೆಯ ಮಸ್ಕಿ ಆಗಿನ್ನೂ ತಾಲ್ಲೂಕೇ ಆಗಿರಲಿಲ್ಲ. ಹಳೆಯ ಪಟ್ಟಿಯನ್ನು ಇಂದಿನ ನಕ್ಷೆಯ ಮೇಲೆ ಹಾಸಿದರೆ ಹೊಂದುವುದಿಲ್ಲ. ಇದರಿಂದ ವರದಿಯ ಬೆಲೆ ಕುಗ್ಗುವುದಿಲ್ಲ. ಲೆಕ್ಕದ ಬಗೆಯನ್ನು ಬಿಚ್ಚಿಟ್ಟಿರುವುದರಿಂದಲೇ ನಾವು ಹೀಗೆ ಕೇಳಲು ಸಾಧ್ಯವಾಗಿದೆ. ಬಗೆಯನ್ನು ಮುಚ್ಚಿಟ್ಟು ಬರೀ ಅಂಕಿ ಕೊಡುವ ಮೂಲವನ್ನು ನಾನು ನಂಬುವುದಿಲ್ಲ, ಅದರ ಮೇಲೆ ಎಷ್ಟೇ ದೊಡ್ಡ ಸಂಸ್ಥೆಯ ಮೊಹರಿದ್ದರೂ.

ಮುಂದಿನದು ಹಣದ ಮಾತು. ಬಜೆಟ್ ಪುಸ್ತಕದಲ್ಲಿ ಅಂದಾಜು, ಪರಿಷ್ಕೃತ ಅಂದಾಜು, ಲೆಕ್ಕ ಎಂಬ ಕಾಲಂಗಳಿರುತ್ತವೆ. ಸುದ್ದಿಯಾಗುವುದು ಅಂದಾಜು; ನಿಜವಾಗಿ ಖರ್ಚಾದದ್ದು ‘ಲೆಕ್ಕ’ದಲ್ಲಿದೆ. ಆದರೆ ಅದು ಎರಡು ವರ್ಷ ಹಿಂದಿನದು, ಆದ್ದರಿಂದ ಈ ವರ್ಷದ್ದಕ್ಕಾಗಿ ಮುಂದಿನ ಪುಸ್ತಕಗಳನ್ನು ಕಾಯಬೇಕು. ಜೊತೆಗೆ ಸಿಎಜಿ ವರದಿಯನ್ನೂ ಇಟ್ಟುಕೊಂಡು ತಾಳೆ ನೋಡಿ.

ಎಲ್ಲೂ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದೆ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ‘ಹಣ ಏಕೆ ಖರ್ಚಾಗಲಿಲ್ಲ’ ಎಂದು ಬರೆದರೆ ಅರ್ಜಿ ಬರಿಗೈಲಿ ಹಿಂದಿರುಗೀತು. ‘ಈ ತಾಲ್ಲೂಕಿಗೆ ಯಾವ ತಿಂಗಳು ಎಷ್ಟು ಬಿಡುಗಡೆಯಾಯಿತು, ಆದೇಶಗಳ ಪ್ರತಿ ಕೊಡಿ’ ಎಂದು ಬರೆಯಿರಿ.