ಪರದೆಯ ಶುಚಿಯನ್ನು ಕುರಿತು

ಕೊಳ್ಳೇಗಾಲದಲ್ಲಿ ಪಹಣಿ, ಅರ್ಜಿ, ಲಗ್ನಪತ್ರಿಕೆಗಳನ್ನು ಸಿದ್ಧಪಡಿಸಿಕೊಡುವ ಕಂಪ್ಯೂಟರ್ ಅಂಗಡಿಯನ್ನು ಬಹುಕಾಲದಿಂದ ನಡೆಸುತ್ತಿರುವ ನನಗೆ, ಯಂತ್ರದ ಒಳಗಣ ದೋಷಗಳಿಗಿಂತ ಅದರ ಪರದೆಯನ್ನು ಒರೆಸುವ ಆತುರದ ಕೈಗಳೇ ಹೆಚ್ಚು ಚಿಂತೆಯನ್ನುಂಟುಮಾಡಿವೆ. ಮಲೆ ಮಹದೇಶ್ವರ ಬೆಟ್ಟಕ್ಕೆ ಹನೂರಿನ ಮೂಲಕ ಸಾಗುವ ವಾಹನಗಳು, ಶಿವರಾತ್ರಿ ಯುಗಾದಿ ದೀಪಾವಳಿಯ ಜಾತ್ರೆಗಳ ಕಾಲದಲ್ಲಂತೂ ಎಡೆಬಿಡದೆ, ಎಬ್ಬಿಸುವ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಖನಿಜಗಳ ಕಾಠಿಣ್ಯವನ್ನು 1ರಿಂದ 10ರವರೆಗೆ ಗಣಿಸುವ ಮೋಸ್ ಮಾನದಲ್ಲಿ ಬೆಣಚಿನದು 7, ಸಾಮಾನ್ಯ ಗಾಜಿನದು ಸುಮಾರು 5.5, ಇಂದಿನ ಎಲ್.ಸಿ.ಡಿ. ಮಾನಿಟರುಗಳ ಮುಖವಾದರೋ ಬಹುಮಟ್ಟಿಗೆ ಗಾಜೇ ಅಲ್ಲ, ಪ್ರತಿಫಲನವನ್ನು ತಗ್ಗಿಸುವ ಲೇಪನವುಳ್ಳ ತೆಳುವಾದ ಪ್ಲಾಸ್ಟಿಕ್ ಹಾಳೆ. ಒಣಧೂಳನ್ನು ಮೊದಲು ಮೃದುವಾದ ಬ್ರಷ್ಷಿನಿಂದ ಸರಿಸದೆ ಒತ್ತಿ ಒರೆಸಿದರೆ ಉಪ್ಪುಕಾಗದ ಹಿಡಿದು ಉಜ್ಜಿದಂತೆಯೇ ಸರಿ.

ಹಿಂದಿನ ಪಿಕ್ಚರ್ ಟ್ಯೂಬಿನ ಮಾನಿಟರುಗಳಿಗೆ ದಪ್ಪ ಗಾಜಿದ್ದುದರಿಂದ, ಕನ್ನಡಿ ಒರೆಸುವ ದ್ರಾವಣವನ್ನು ನೇರವಾಗಿ ಸಿಂಪಡಿಸುವ ರೂಢಿ ಬೆಳೆದುಬಂದಿತು. ಅಂಥ ದ್ರಾವಣಗಳಲ್ಲಿರತಕ್ಕ ಅಮೋನಿಯವೂ ಸ್ಪಿರಿಟ್ಟೂ ಹೊಸ ಪರದೆಯ ಲೇಪನವನ್ನು ಕ್ರಮೇಣ ಕೆಡಿಸುವುವು. ಯಳಂದೂರಿನ ಅಂಗಡಿಯೊಂದರಲ್ಲಿ, ಹೀಗೆ ಸಿಂಪಡಿಸಿದ ದ್ರವವು ಕೆಳಚೌಕಟ್ಟಿನ ಸಂದಿಯನ್ನು ಹೊಕ್ಕು, ಪ್ಯಾನಲಿನ ಅಂಚಿಗೆ ಅಂಟಿಸಿದ ತೆಳುಪಟ್ಟಿಗಳಿಗೆ ತಗುಲಿ, ಪರದೆಯುದ್ದಕ್ಕೂ ಒಂದು ಹಸಿರು ಗೆರೆ ಎದ್ದುದನ್ನು ಕಂಡು ನನಗೆ ನಿಜವಾಗಿಯೂ ವ್ಯಥೆಯಾಯಿತು. ಅದು ಆ ಅಂಗಡಿಯ ಏಕೈಕ ಮಾನಿಟರಾಗಿತ್ತು.

ನಮ್ಮದು ರೇಷ್ಮೆಯ ಊರು. “ಹಳೇ ಸೀರೆ ತುಂಡಿಗಿಂತ ನುಣುಪು ಇನ್ಯಾವುದಪ್ಪ?” ಎಂದು ಮಗ್ಗದ ಮನೆಯ ಹಿರಿಯರೊಬ್ಬರು ಕೇಳಿದ್ದುಂಟು. ನುಣುಪೇನೋ ಹೌದು, ಆದರೆ ಆ ನುಣುಪು ಧೂಳನ್ನು ಹಿಡಿದಿಟ್ಟುಕೊಳ್ಳದೆ ಎಳೆದಾಡುತ್ತದೆ, ಜರಿಯ ಎಳೆಯೊಂದು ಉಳಿದಿದ್ದರಂತೂ ಗೀರು ತಪ್ಪದು. ಮೈಕ್ರೋಫೈಬರ್ ಬಟ್ಟೆಯ ಸೀಳಿದ ಸೂಕ್ಷ್ಮ ನೂಲುಗಳು ಧೂಳನ್ನು ತಮ್ಮೊಳಕ್ಕೆ ಸೆಳೆದುಕೊಳ್ಳುತ್ತವೆ.

ವಿದ್ಯುತ್ತನ್ನು ನಿಲ್ಲಿಸಿ, ಪರದೆ ತಣ್ಣಗಾದ ಮೇಲೆ, ನೀರನ್ನು ಬಟ್ಟೆಗೆ ಮಾತ್ರ ತಾಗಿಸಿ, ಹಿಂಡಿದರೆ ಹನಿ ಬೀಳದಷ್ಟು ತೇವದಲ್ಲಿ ಒರೆಸುವುದು ಕ್ಷೇಮ. ಗಡಸಾದ ಬೋರ್‌ವೆಲ್ ನೀರು ಬಿಳಿಯ ಕಲೆಗಳನ್ನುಳಿಸುವುದರಿಂದ, ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರೇ ಮೇಲು. ಅದು ಆಸಿಡ್ ಅಲ್ಲವೆಂದು ಬಾಟಲಿಯ ಚೀಟಿಯನ್ನು ಓದಿಕೊಳ್ಳಬೇಕು.

ಆಯುಧಪೂಜೆಯಂದು ವಿಭೂತಿ ಕುಂಕುಮಗಳನ್ನು ಪರದೆಗೆ ಹಚ್ಚದೆ ಸಿ.ಪಿ.ಯು. ಪೆಟ್ಟಿಗೆಗೆ ಇಡಿರೆಂದು ಪರಿಚಿತರೆಲ್ಲರಲ್ಲಿ ಬಿನ್ನವಿಸುತ್ತ ಬಂದಿದ್ದೇನೆ. ಪೂಜೆ ಯಂತ್ರಕ್ಕೆ ಸಲ್ಲುವುದರಿಂದ ಯಾರೂ ಇದಕ್ಕೆ ಆಕ್ಷೇಪಿಸಿಲ್ಲ.