ಮುಟ್ಟು ನಿಂತ ಮೇಲೆ ಮೀಸೆ ಮೂಡಿದರೆ

ಐವತ್ತು ದಾಟಿದ ಮೇಲೆ ಗದ್ದದಲ್ಲಿ ನಾಲ್ಕಾರು ಒರಟು ಕೂದಲು ಹುಟ್ಟಿದರೆ ಗಾಬರಿ ಬೇಡ. ಮುಟ್ಟು ನಿಂತಾಗ ಈಸ್ಟ್ರೋಜೆನ್ ಬೇಗ ಕುಸಿಯುತ್ತದೆ, ಗಂಡು ಹಾರ್ಮೋನು ನಿಧಾನಕ್ಕೆ ಇಳಿಯುತ್ತದೆ. ಅಷ್ಟೇ ವಿಷಯ. ಅದನ್ನು ಮೀರಿದರೆ ಹೀಗೆ ಮಾಡಿ.

1. ಕೂದಲು ಎಣಿಸಬೇಡಿ, ವೇಗ ನೋಡಿ. ವರ್ಷಗಟ್ಟಲೆ ನಿಧಾನವಾಗಿ ಹೆಚ್ಚಿದ್ದು ಒಂದು ಲೆಕ್ಕ. ಕೆಲವೇ ತಿಂಗಳಲ್ಲಿ ಗಡ್ಡ ದಟ್ಟವಾಗಿ, ಹಣೆಯ ಎರಡೂ ಬದಿ ಬೋಳಾಗಿ, ಫೋನಿನಲ್ಲಿ ಮಾತಾಡಿದರೆ ಆ ಕಡೆಯವರು ‘ಹೇಳಿ ಸಾರ್’ ಅನ್ನುವಷ್ಟು ದನಿ ಗಡಸಾದರೆ, ಭಗಾಂಕುರ ದೊಡ್ಡದಾದರೆ, ಅಂಡಾಶಯದಲ್ಲೋ ಅಡ್ರಿನಲ್ ಗ್ರಂಥಿಯಲ್ಲೋ ಗೆಡ್ಡೆ ಇದೆಯೇ ಎಂದು ಹುಡುಕಲೇಬೇಕು.

2. ರಕ್ತಪರೀಕ್ಷೆ ಸರಿಯಾಗಿ ಆಗಲಿ. ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಡೆಸಿಲೀಟರಿಗೆ 150 ನ್ಯಾನೋಗ್ರಾಂ ದಾಟಿದರೆ ಗೆಡ್ಡೆಯ ಅನುಮಾನ ಬಲವಾಗುತ್ತದೆ. ಅಡ್ರಿನಲ್ ಗ್ರಂಥಿಯ ಹಾರ್ಮೋನಾದ ಡಿಎಚ್‌ಇಎಎಸ್ ವಿಪರೀತ ಏರಿದ್ದರೆ ಬೆರಳು ಅಡ್ರಿನಲ್ ಕಡೆಗೆ. ಹೆಂಗಸರಲ್ಲಿ ಟೆಸ್ಟೋಸ್ಟೆರಾನ್ ಕಡಿಮೆ ಇರುವುದರಿಂದ ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನವೇ ನಂಬಿಕಸ್ತ. ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದೀರಾ? ಕೆಲವು ಪರೀಕ್ಷೆಗಳ ಫಲಿತಾಂಶವನ್ನು ಅದು ತಪ್ಪಾಗಿಸುತ್ತದೆ, ಮೊದಲೇ ಹೇಳಿಬಿಡಿ.

3. ಮನೆಯಲ್ಲಿರುವ ಔಷಧಿಯನ್ನೆಲ್ಲ ಚೀಲಕ್ಕೆ ತುಂಬಿ ವೈದ್ಯರ ಹತ್ತಿರ ಒಯ್ಯಿರಿ. ಡನಜೋಲ್, ಫಿಟ್ಸಿಗೆ ಕೊಡುವ ವಾಲ್‌ಪ್ರೊಯೇಟ್, ಯಜಮಾನರು ಮೈಗೆ ಹಚ್ಚಿಕೊಳ್ಳುವ ಟೆಸ್ಟೋಸ್ಟೆರಾನ್ ಜೆಲ್ ಕೂಡ ಕಾರಣವಾಗಬಲ್ಲವು.

4. ‘ಸ್ಕ್ಯಾನಿಂಗ್ ನಾರ್ಮಲ್’ ಎಂದರೆ ಅಲ್ಲಿಗೇ ಬಿಡಬೇಡಿ. ಅಂಡಾಶಯದ ಲೇಡಿಗ್ ಕೋಶದ ಗೆಡ್ಡೆ ಎಷ್ಟೋ ಸಲ ಸ್ಕ್ಯಾನಿಗೂ ಸಿಗದಷ್ಟು ಚಿಕ್ಕದು. ರಕ್ತದ ಅಂಕಿಯೂ ಮೈಯೂ ಒಂದನ್ನೇ ಹೇಳುತ್ತಿದ್ದರೆ ಫಿಲ್ಮಿಗಿಂತ ಅವನ್ನು ನಂಬಿ, ಮುಂದಿನ ಪರೀಕ್ಷೆ ಕೇಳಿ.

5. ನಿಧಾನವಾಗಿ ಬಂದದ್ದಾದರೆ ಶುಗರ್ ನೋಡಿಸಿ. ಅದು ಹೈಪರ್‌ಥೆಕೋಸಿಸ್ ಇರಬಹುದು, ಅದರಲ್ಲಿ ಎರಡೂ ಅಂಡಾಶಯಗಳು ಟೆಸ್ಟೋಸ್ಟೆರಾನ್ ಸುರಿಸುತ್ತವೆ. ಜೊತೆಗೆ ಬೊಜ್ಜು, ಮಧುಮೇಹ ಸಾಮಾನ್ಯ. ಈ ಹಾರ್ಮೋನಿನ ಒಂದು ಪಾಲು ಈಸ್ಟ್ರೋಜೆನ್ ಆಗಿ ಗರ್ಭಕೋಶದ ಒಳಪದರವನ್ನು ದಪ್ಪಗಾಗಿಸುತ್ತದೆ. ನಿಂತ ಮುಟ್ಟು ಮತ್ತೆ ಕಾಣಿಸಿದರೆ ಆ ಒಳಪದರವನ್ನು ತಪಾಸಣೆ ಮಾಡಿಸಲೇಬೇಕು.

6. ಕಾರಣಕ್ಕೆ ತಕ್ಕ ಮದ್ದು. ಗೆಡ್ಡೆಗೆ ಶಸ್ತ್ರಚಿಕಿತ್ಸೆ. ಹೈಪರ್‌ಥೆಕೋಸಿಸ್‌ಗೆ ಸಾಮಾನ್ಯವಾಗಿ ಎರಡೂ ಅಂಡಾಶಯ ತೆಗೆಯುವುದು. ಆಪರೇಷನ್ ತಡೆದುಕೊಳ್ಳಲಾಗದವರಿಗೆ ಅಂಡಾಶಯದ ಹಾರ್ಮೋನು ತಗ್ಗಿಸುವ ಜಿಎನ್‌ಆರ್‌ಎಚ್ ಚುಚ್ಚುಮದ್ದು. ಸೌಮ್ಯವಾಗಿದ್ದರೆ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ, ಆದರೆ ಬಿಪಿ ಮತ್ತು ಪೊಟ್ಯಾಷಿಯಂ ಮೇಲೆ ಕಣ್ಣಿರಲಿ. ಜೊತೆಗೆ ಕೂದಲು ತೆಗೆಯಲು ಲೇಸರ್. ಆದರೆ ಬೆಳ್ಳಗಾದ ಕೂದಲಿಗೆ ಅದು ನಾಟುವುದಿಲ್ಲ, ಎಲೆಕ್ಟ್ರಾಲಿಸಿಸ್ ಬೇಕು.

ಮಾತ್ರೆಯಿಂದ ಕೂದಲು ತೆಳುವಾಗಲು ಆರು ತಿಂಗಳಾದರೂ ಹಿಡಿಯುತ್ತದೆ. ಗಡಸಾದ ದನಿ ಮಾತ್ರ ಎಷ್ಟೋ ಜನರಿಗೆ ಪೂರ್ತಿ ಮರಳುವುದಿಲ್ಲ. ಆದ್ದರಿಂದ ದನಿ ಬದಲಾಗುತ್ತಿದೆ ಅನ್ನಿಸಿದರೆ ಪಾರ್ಲರಿಗಲ್ಲ, ಎಂಡೊಕ್ರೈನಾಲಜಿಸ್ಟ್ ಹತ್ತಿರ ಹೋಗಿ.