ಗಿಟಾರಿನಲ್ಲೊಂದು ಪುಟ್ಟ ವಿದ್ಯುದಾಗಾರ

ಮಕ್ಕಳೇ, ನಿಮ್ಮೂರ ಜಾತ್ರೆಯಲ್ಲೋ ಗಣೇಶನ ಹಬ್ಬದಲ್ಲೋ ಆರ್ಕೆಸ್ಟ್ರಾ ನೋಡಿದ್ದೀರಲ್ಲವೆ? ಹಂಪಿ ಉತ್ಸವಕ್ಕೆ ಹೋದವರು ಅಲ್ಲಿನ ವೇದಿಕೆಯ ಮೇಲೂ ನೋಡಿರಬಹುದು. ಅಲ್ಲಿ ಒಬ್ಬರು ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿರುತ್ತಾರೆ. ಅದರ ನಾದ ಮೈದಾನದ ಕೊನೆಯಲ್ಲಿ ಕುಳಿತವರಿಗೂ ಕೇಳಿಸುತ್ತದೆ.

ಆದರೆ ಅದೇ ಗಿಟಾರಿನ ಕೇಬಲ್ ಕಿತ್ತುಬಿಟ್ಟರೆ ಏನಾಗುತ್ತದೆ? ಪಕ್ಕದಲ್ಲಿ ನಿಂತವರಿಗೆ ಮಾತ್ರ 'ಟಿಣ್ ಟಿಣ್' ಎಂಬ ಸಣ್ಣ ಸದ್ದು ಕೇಳುತ್ತದೆ. ಕಾರಣ ಸರಳ. ತಂಬೂರಿಗೆ ಬುರುಡೆ ಇದೆ. ಸಾಮಾನ್ಯ ಗಿಟಾರಿಗೆ ಟೊಳ್ಳಾದ ಮರದ ಪೆಟ್ಟಿಗೆ ಇದೆ. ತಂತಿಯ ಕಂಪನವನ್ನು ಅವು ಸುತ್ತಲಿನ ಗಾಳಿಗೆ ಚೆನ್ನಾಗಿ ಮುಟ್ಟಿಸುತ್ತವೆ. ಬಹಳಷ್ಟು ಎಲೆಕ್ಟ್ರಿಕ್ ಗಿಟಾರುಗಳಾದರೋ ಗಟ್ಟಿ ಹಲಗೆಯವು. ಅವುಗಳಲ್ಲಿ ತಂತಿಯ ಕಂಪನ ಮೊದಲು ವಿದ್ಯುತ್ತಾಗಬೇಕು. ಆ ವಿದ್ಯುತ್ತು ಧ್ವನಿವರ್ಧಕವನ್ನು ತಲುಪಿ ಮತ್ತೆ ಸದ್ದಾಗಬೇಕು.

ಕಂಪನವನ್ನು ವಿದ್ಯುತ್ತಾಗಿ ಮಾಡುವ ಪುಟ್ಟ ಭಾಗಕ್ಕೆ 'ಪಿಕಪ್' ಎನ್ನುತ್ತಾರೆ. ತಂತಿಗಳ ಕೆಳಗೆ, ಹಲಗೆಯಲ್ಲಿ ಹುದುಗಿಸಿರುವ ಉದ್ದನೆಯ ಪಟ್ಟಿಯೇ ಅದು. ಇದರಲ್ಲಿ ಎರಡು ಬಗೆ. ಬ್ಯಾಟರಿ ಬೇಡದ ಪಿಕಪ್ ನಿಷ್ಕ್ರಿಯ ಪಿಕಪ್. ಅಂಗಡಿಯವರು ಇದನ್ನು ಪ್ಯಾಸಿವ್ ಎನ್ನುತ್ತಾರೆ. ಬ್ಯಾಟರಿ ಬೇಕಾದದ್ದು ಸಕ್ರಿಯ ಪಿಕಪ್, ಅಂದರೆ ಆಕ್ಟಿವ್. ಬ್ಯಾಟರಿ ಇರುವುದೇ ಯಾವಾಗಲೂ ಮೇಲು ಎಂದು ಹಲವರು ತಿಳಿದಿದ್ದಾರೆ. ಅದು ನಿಜವೆ? ದುಡ್ಡು ಕೊಡುವ ಮೊದಲು ಯಾರಾದರೂ ಕೇಳಲೇಬೇಕಾದ ಪ್ರಶ್ನೆ ಇದು. ಬನ್ನಿ, ಪರೀಕ್ಷಿಸೋಣ.

ಅಣೆಕಟ್ಟಿನ ಕೆಳಗಿನ ಪಾಠ

ಇದಕ್ಕೆ ಮೊದಲು ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ ಕಡೆ ಹೋಗೋಣ. 1953ರಿಂದ ನೀರು ಸಂಗ್ರಹಿಸುತ್ತಿರುವ ಈ ಅಣೆಕಟ್ಟಿನ ಬುಡದಲ್ಲಿ ಒಂದು ವಿದ್ಯುದಾಗಾರವಿದೆ. ಅದರಲ್ಲಿ ತಲಾ 9 ಮೆಗಾವಾಟ್ ಸಾಮರ್ಥ್ಯದ 4 ಜನರೇಟರುಗಳಿವೆ. ಅಷ್ಟೇ ಸಾಮರ್ಥ್ಯದ ಇನ್ನೊಂದು ವಿದ್ಯುದಾಗಾರ ಕಾಲುವೆಯ ಮೇಲೆ ಹಂಪಿಯ ಬಳಿ ಇದೆ.

ಅಲ್ಲಿ ನಡೆಯುವುದೇನು? ಮೇಲಿನಿಂದ ರಭಸವಾಗಿ ಬರುವ ನೀರು ಟರ್ಬೈನನ್ನು ತಿರುಗಿಸುತ್ತದೆ. ಅದರೊಂದಿಗೆ ಬಲವಾದ ವಿದ್ಯುತ್ಕಾಂತಗಳೂ ತಿರುಗುತ್ತವೆ. ಅವುಗಳ ಸುತ್ತ ತಾಮ್ರದ ಸುರುಳಿಗಳಿವೆ. ಕಾಂತ ತಿರುಗಿದಂತೆಲ್ಲ ಸುರುಳಿಯೊಳಗೆ ಹಾಯುವ ಕಾಂತಕ್ಷೇತ್ರ ಬದಲಾಗುತ್ತದೆ. ಆಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಇದೇ ವಿದ್ಯುತ್ಕಾಂತೀಯ ಪ್ರೇರಣೆ. ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆ ಇದನ್ನು 1831ರಲ್ಲಿ ಕಂಡುಹಿಡಿದರು.

ಒಂದು ಮಾತು ನೆನಪಿರಲಿ. ಕಾಂತ ಸುರುಳಿಯ ಬಳಿ ಸುಮ್ಮನೆ ಇದ್ದರೆ ಸಾಲದು. ಕಾಂತಕ್ಷೇತ್ರ ಬದಲಾಗುತ್ತಿರಬೇಕು. ಬದಲಾವಣೆ ನಿಂತರೆ ವಿದ್ಯುತ್ತೂ ನಿಲ್ಲುತ್ತದೆ.

ತಂತಿ, ಕಾಂತ, ಸುರುಳಿ

ಫ್ಯಾರಡೆಯವರ ಶೋಧನೆಗೆ ಸರಿಯಾಗಿ ನೂರು ವರ್ಷ ತುಂಬಿದಾಗ, ಅಂದರೆ 1931ರಲ್ಲಿ, ಅಮೆರಿಕದ ಜಾರ್ಜ್ ಬೋಷಾಂ ಮತ್ತು ಸಂಗಡಿಗರು ಒಂದು ವಿಚಿತ್ರ ಗಿಟಾರ್ ಮಾಡಿದರು. ಅದರ ಮೈ ದುಂಡಗೆ, ಕುತ್ತಿಗೆ ಉದ್ದ. ನೋಡಲು ಹಿಡಿಕೆ ಇರುವ ಬಾಣಲೆಯಂತಿತ್ತು. ಜನ ಅದನ್ನು ಬಾಣಲೆ ಎಂದೇ ಕರೆದರು! ಅದರಲ್ಲಿದ್ದದ್ದು ಕಾಂತ ಮತ್ತು ಸುರುಳಿಗಳ ಪಿಕಪ್.

ಪಿಕಪ್ಪಿನೊಳಗೆ ಅಲುಗದ ಕಾಂತವಿದೆ. ಅದರ ಸುತ್ತ ತಾಮ್ರದ ತಂತಿಯ ಸುರುಳಿಯಿದೆ. ಈ ತಂತಿ ನಿಮ್ಮ ತಲೆಗೂದಲಿನಷ್ಟು ತೆಳು. ಸುಮಾರು 0.06 ಮಿಲಿಮೀಟರ್ ದಪ್ಪದ ಇಂಥ ತಂತಿಯನ್ನು ನಿಷ್ಕ್ರಿಯ ಪಿಕಪ್ಪಿನಲ್ಲಿ ಸಾವಿರಾರು ಸುತ್ತು ಸುತ್ತಿರುತ್ತಾರೆ. ಏಳೆಂಟು ಸಾವಿರ ಸುತ್ತು ಸಾಮಾನ್ಯ.

ಇಲ್ಲಿ ಕಾಂತವೂ ತಿರುಗುವುದಿಲ್ಲ, ಸುರುಳಿಯೂ ತಿರುಗುವುದಿಲ್ಲ. ಹಾಗಾದರೆ ಬದಲಾವಣೆ ಎಲ್ಲಿಂದ ಬಂತು? ಗಿಟಾರಿನ ತಂತಿ ಉಕ್ಕಿನದು. ಕೆಳಗಿನ ಕಾಂತ ಅದನ್ನೂ ಪುಟ್ಟ ಕಾಂತವಾಗಿ ಮಾಡಿಬಿಡುತ್ತದೆ. ಬೆರಳಿನಿಂದ ಮಿಡಿದಾಗ ಈ ಪುಟ್ಟ ಕಾಂತ ಕಂಪಿಸುತ್ತದೆ. ಸುರುಳಿಯೊಳಗಿನ ಕಾಂತಕ್ಷೇತ್ರ ಅದೇ ತಾಳದಲ್ಲಿ ಹೆಚ್ಚುಕಡಿಮೆಯಾಗುತ್ತದೆ. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಬಾರಿ, ಅತಿ ತೆಳು ತಂತಿ ಸುಮಾರು 330 ಬಾರಿ ಕಂಪಿಸುತ್ತದೆ. ಸುರುಳಿಯ ವಿದ್ಯುತ್ತೂ ಅಷ್ಟೇ ಬಾರಿ ಏರಿಳಿಯುತ್ತದೆ.

ತುಂಗಭದ್ರೆಯಲ್ಲಿ ಶಕ್ತಿ ಕೊಡುವುದು ಬೀಳುವ ನೀರು. ಇಲ್ಲಿ ಶಕ್ತಿ ಕೊಡುವುದು ಬೆರಳು. ಆದ್ದರಿಂದ ಹುಟ್ಟುವ ವಿದ್ಯುತ್ತು ತೀರ ಅಲ್ಪ. ಅದರ ವೋಲ್ಟೇಜು ಒಂದು ವೋಲ್ಟಿನ ಹತ್ತನೆಯ ಒಂದು ಭಾಗದ ಆಸುಪಾಸು. ಟಾರ್ಚಿನ ಒಂದು ಶೆಲ್ಲಿನಲ್ಲೇ ಒಂದೂವರೆ ವೋಲ್ಟ್ ಇರುತ್ತದೆಂದರೆ ಇದು ಎಷ್ಟು ಕಡಿಮೆಯೆಂದು ಯೋಚಿಸಿ.

ಸಂಡೂರಿನ ಅದಿರು, ಹಂಪಿಯ ಕಂಬ

ಯಾವ ತಂತಿಯಾದರೂ ಆದೀತೆ? ಇಲ್ಲ. ನೈಲಾನ್ ತಂತಿಯನ್ನು ಎಷ್ಟು ಜೋರಾಗಿ ಮಿಡಿದರೂ ಕಾಂತದ ಪಿಕಪ್ಪಿಗೆ ಅದು ಗೊತ್ತೇ ಆಗುವುದಿಲ್ಲ. ನೈಲಾನನ್ನು ಕಾಂತ ಸೆಳೆಯುವುದಿಲ್ಲವಲ್ಲ! ತಂಬೂರಿಯ ಹಿತ್ತಾಳೆ ತಂತಿಯ ಕಥೆಯೂ ಹೆಚ್ಚುಕಡಿಮೆ ಅದೇ.

ಸಂಡೂರಿನ ಮಕ್ಕಳಿಗೆ ಇನ್ನೊಂದು ಸಂಗತಿ. ನಿಮ್ಮ ಬೆಟ್ಟಗಳ ಕೆಂಪು ಅದಿರು ಮುಖ್ಯವಾಗಿ ಹೆಮಟೈಟ್. ಅದರಲ್ಲಿ ಕಬ್ಬಿಣ ಧಾರಾಳವಾಗಿದೆ. ಆದರೂ ಹೆಮಟೈಟ್ ಸಾಧಾರಣ ಕಾಂತಕ್ಕೆ ಅಂಟುವುದಿಲ್ಲ ಎನ್ನಬಹುದು. ಅದರಲ್ಲಿ ಕಬ್ಬಿಣ ಆಮ್ಲಜನಕದೊಂದಿಗೆ ಸೇರಿಕೊಂಡಿದೆ. ಅಲ್ಲಿ ಕಬ್ಬಿಣದ ಪರಮಾಣುಗಳು ಪುಟ್ಟ ಕಾಂತಗಳಂತಿದ್ದರೂ ಎದುರುಬದುರಾಗಿ ನಿಂತು ಒಂದರ ಬಲವನ್ನು ಇನ್ನೊಂದು ಕಳೆಯುತ್ತವೆ. ತೋರಣಗಲ್ಲಿನಂಥ ಕಡೆ ಕಾರ್ಖಾನೆಯಲ್ಲಿ ಆಮ್ಲಜನಕವನ್ನು ಬೇರ್ಪಡಿಸಿ ಉಕ್ಕು ಮಾಡಿದ ಮೇಲೆ ನೋಡಿ, ಕಾಂತ ಗಪ್ಪನೆ ಹಿಡಿಯುತ್ತದೆ.

ಹಂಪಿಯ ವಿಜಯ ವಿಠ್ಠಲ ದೇವಾಲಯದ ಸಂಗೀತ ಕಂಬಗಳೂ ಕಂಪಿಸಿಯೇ ನಾದ ಕೊಡುತ್ತವೆ. ಆದರೆ ಅವು ಗ್ರಾನೈಟ್ ಕಲ್ಲಿನವು. ಗಿಟಾರಿನ ಪಿಕಪ್ಪನ್ನು ಅವುಗಳ ಪಕ್ಕ ಇಟ್ಟರೆ ಪ್ರಯೋಜನವಿಲ್ಲ. ಅಂಥ ಕಂಪನ ಅಳೆಯಲು ಬೇರೆ ಬಗೆಯ ಸಂವೇದಕ ಬೇಕು. ಅಂದಹಾಗೆ, ತಟ್ಟಿ ತಟ್ಟಿ ಕಂಬಗಳು ಹಾಳಾಗಬಾರದೆಂದು ಈಗ ಅವನ್ನು ತಟ್ಟುವುದನ್ನು ನಿಷೇಧಿಸಿದ್ದಾರೆ. ನೀವು ಹೋದಾಗ ಕಣ್ಣಿನಿಂದಲೇ ನೋಡಿ ಬನ್ನಿ.

ನಿಷ್ಕ್ರಿಯ ಪಿಕಪ್ಪಿನ ಎರಡು ತೊಂದರೆಗಳು

ಈಗ ನಮ್ಮ ಪ್ರಶ್ನೆಗೆ ಬರೋಣ. ನಿಷ್ಕ್ರಿಯ ಪಿಕಪ್ ಬ್ಯಾಟರಿಯಿಲ್ಲದೆ ವಿದ್ಯುತ್ತು ಕೊಡುತ್ತದೆ. ಹಾಗಿದ್ದರೆ ಕೊರತೆ ಏನು?

ಮೊದಲನೆಯದು ಗುಂಯ್‌ಗುಡುವ ಸದ್ದು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳಂತೆ ದಿಕ್ಕು ಬದಲಿಸುತ್ತದೆ. ಅದರ ಸುತ್ತ ಬದಲಾಗುವ ಕಾಂತಕ್ಷೇತ್ರವಿರುತ್ತದೆ. ಪಿಕಪ್ಪಿನ ಸುರುಳಿಗೆ ತಂತಿ ಯಾವುದು, ವೇದಿಕೆಯ ದೀಪದ ವೈರು ಯಾವುದು ಎಂಬ ಭೇದ ತಿಳಿಯದು. ಎರಡನ್ನೂ ಹಿಡಿದುಕೊಳ್ಳುತ್ತದೆ. ಇದಕ್ಕೆ ಅಮೆರಿಕದ ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬ ಎಂಜಿನಿಯರ್ 1955ರಲ್ಲಿ ಒಂದು ಉಪಾಯ ಮಾಡಿದರು. ಒಂದರ ಬದಲು ಎರಡು ಸುರುಳಿ ಇಟ್ಟರು. ಅವು ಒಂದಕ್ಕೊಂದು ವಿರುದ್ಧವಾಗಿರುವಂತೆ, ಕಾಂತದ ಧ್ರುವಗಳೂ ವಿರುದ್ಧವಾಗಿರುವಂತೆ ಜೋಡಿಸಿದರು. ಹೊರಗಿನ ಗುಂಯ್ ಸದ್ದು ಎರಡರಲ್ಲೂ ಎದುರುಬದುರಾಗಿ ಹುಟ್ಟಿ ಕಳೆದುಹೋಗುತ್ತದೆ. ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಬ್ಯಾಟರಿ ಇಲ್ಲದೆಯೇ ತೊಂದರೆ ಬಹುಮಟ್ಟಿಗೆ ನೀಗಿತು!

ಎರಡನೆಯದು ಕೇಬಲ್ಲಿನ ತೊಂದರೆ. ಕೇಬಲ್ಲಿನೊಳಗೆ ಎರಡು ವಾಹಕಗಳು ಹತ್ತಿರ ಹತ್ತಿರ ಇರುತ್ತವೆ. ಅವು ಸ್ವಲ್ಪ ವಿದ್ಯುದಾವೇಶವನ್ನು ತಮ್ಮಲ್ಲಿ ಹಿಡಿದುಕೊಳ್ಳುತ್ತವೆ. ಕೇಬಲ್ ಒಂದು ತೊಟ್ಟಿ ಎಂದುಕೊಳ್ಳಿ. ಪ್ರತಿ ಕಂಪನಕ್ಕೂ ಆ ತೊಟ್ಟಿ ತುಂಬಬೇಕು, ಖಾಲಿಯಾಗಬೇಕು. ನಿಷ್ಕ್ರಿಯ ಪಿಕಪ್ಪಿನ ಸಾವಿರಾರು ಸುತ್ತಿನ ತೆಳು ಸುರುಳಿ ಸಣ್ಣ ನಳದಂತೆ. ನಿಧಾನದ ಕಂಪನಗಳಾದರೆ ತುಂಬಲು ಸಮಯ ಸಿಗುತ್ತದೆ. ಸೆಕೆಂಡಿಗೆ ಸಾವಿರಾರು ಬಾರಿಯ ಕಂಪನಗಳಿಗೆ ಸಮಯ ಸಾಲುವುದಿಲ್ಲ. ಆದ್ದರಿಂದ ಕೇಬಲ್ ಉದ್ದವಾದಷ್ಟೂ ನಾದದ ಹೊಳಪು, ಅಂದರೆ ಕೀಚಲು ಭಾಗ, ಮಂಕಾಗುತ್ತದೆ.

ಸಕ್ರಿಯ ಪಿಕಪ್ಪಿನ ಉಪಾಯ

ಸಕ್ರಿಯ ಪಿಕಪ್ಪಿನಲ್ಲಿ ಸುರುಳಿಯ ಸುತ್ತುಗಳನ್ನು ಕಡಿಮೆ ಮಾಡುತ್ತಾರೆ. ಸುತ್ತು ಕಡಿಮೆಯಾದರೆ ಹುಟ್ಟುವ ವೋಲ್ಟೇಜೂ ಕಡಿಮೆ. ಅದಕ್ಕಾಗಿ ಪಿಕಪ್ಪಿನೊಳಗೇ ಒಂದು ಪುಟ್ಟ ವರ್ಧಕ ಇಡುತ್ತಾರೆ. ಅದಕ್ಕೆ ಸಾಮಾನ್ಯವಾಗಿ 9 ವೋಲ್ಟಿನ ಬ್ಯಾಟರಿ ಬೇಕು. ಈ ಬಗೆಯ ಪಿಕಪ್ಪುಗಳನ್ನು ಪ್ರಸಿದ್ಧಿಗೆ ತಂದವರಲ್ಲಿ ರಾಬ್ ಟರ್ನರ್ ಒಬ್ಬರು. ಅವರು 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ ಕಂಪನಿ ಮುಂದೆ ಇ.ಎಂ.ಜಿ. ಎಂದು ಹೆಸರಾಯಿತು.

ಈ ವರ್ಧಕ ಎರಡು ಕೆಲಸ ಮಾಡುತ್ತದೆ. ದುರ್ಬಲ ವಿದ್ಯುತ್ತನ್ನು ಬಲಪಡಿಸುತ್ತದೆ. ಜೊತೆಗೆ ಸಣ್ಣ ನಳದ ಬದಲು ದೊಡ್ಡ ನಳ ಹಾಕಿದಂತೆ, ಕೇಬಲ್ಲಿನ ತೊಟ್ಟಿಯನ್ನು ಬೇಗ ತುಂಬಿಸುತ್ತದೆ. ಕೇಬಲ್ ಉದ್ದವಿದ್ದರೂ ನಾದ ಮಂಕಾಗುವುದಿಲ್ಲ. ಹೊರಗಿನ ಗುಂಯ್ ಸದ್ದೂ ಕಡಿಮೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬೇಡ. ಬ್ಯಾಟರಿ ತಂತಿಯನ್ನು ಕಂಪಿಸುವುದಿಲ್ಲ, ಕಾಂತಕ್ಕೂ ಬಲ ಕೊಡುವುದಿಲ್ಲ. ಅದು ಶಕ್ತಿ ಕೊಡುವುದು ವರ್ಧಕಕ್ಕೆ ಮಾತ್ರ. ನಾದ ಹುಟ್ಟಿಸುವುದು ಎರಡರಲ್ಲೂ ಅದೇ ತಂತಿ, ಅದೇ ಕಾಂತ, ಅದೇ ಫ್ಯಾರಡೆ ನಿಯಮ.

ಕಾಲುವೆಯೋ ಪಂಪ್‌ಸೆಟ್ಟೋ?

ಹಂಪಿಯ ಬಾಳೆತೋಟಗಳ ನಡುವೆ ಹರಿಯುವ ತುರ್ತು ಕಾಲುವೆ ನೋಡಿದ್ದೀರಾ? ವಿಜಯನಗರದ ಅರಸರ ಕಾಲದ್ದು ಅದು. ಯಾವ ಯಂತ್ರವೂ ಇಲ್ಲದೆ, ನೆಲದ ಇಳಿಜಾರಿನಿಂದಲೇ ನೀರು ಇಂದಿಗೂ ಹರಿಯುತ್ತಿದೆ. ನಿಷ್ಕ್ರಿಯ ಪಿಕಪ್ ಇಂಥದ್ದು. ಹೊರಗಿನ ಶಕ್ತಿ ಬೇಡ. ಕೆಡುವ ಭಾಗಗಳೂ ಕಡಿಮೆ. ಆದರೆ ದೂರ ಹೋದಂತೆ ನಷ್ಟವಾಗುತ್ತದೆ. ಕಾಲುವೆಯ ಕೊನೆಭಾಗದ ಗದ್ದೆಗೆ ನೀರು ಸಾಲದೆ ರೈತರು ಪಡುವ ಕಷ್ಟ ಕಂಪ್ಲಿ, ಹೊಸಪೇಟೆ ಕಡೆಯ ಮಕ್ಕಳಿಗೆ ಹೇಳಿಕೊಡಬೇಕಿಲ್ಲ.

ಸಕ್ರಿಯ ಪಿಕಪ್ ಪಂಪ್‌ಸೆಟ್ಟಿನಂತೆ. ನೀರನ್ನು ಎತ್ತಿ ದೂರ ಕಳಿಸುತ್ತದೆ. ಆದರೆ ಕರೆಂಟು ಹೋದರೆ ಪಂಪು ನಿಂತಿತು. ಬ್ಯಾಟರಿ ಮುಗಿಯುತ್ತ ಬಂದಂತೆ ನಾದ ಒಡೆಯುತ್ತದೆ, ಕೊನೆಗೆ ನಿಂತೇಹೋಗುತ್ತದೆ. ವೇದಿಕೆಯ ಮೇಲೆ ಹಾಡಿನ ನಡುವೆ ಹೀಗಾದರೆ? ಅದಕ್ಕೇ ಕಲಾವಿದರು ಹೊಸ ಬ್ಯಾಟರಿಯೊಂದನ್ನು ಜೊತೆಗೆ ಇಟ್ಟುಕೊಂಡಿರುತ್ತಾರೆ. ಇಂಥ ಗಿಟಾರುಗಳಲ್ಲಿ ಸಾಮಾನ್ಯವಾಗಿ ಕೇಬಲ್ ಸಿಕ್ಕಿಸಿದಾಗಲೇ ಬ್ಯಾಟರಿ ಕೆಲಸ ಆರಂಭಿಸುತ್ತದೆ. ನುಡಿಸಿದ ಮೇಲೆ ಕೇಬಲ್ ತೆಗೆಯದಿದ್ದರೆ ಬ್ಯಾಟರಿ ಸುಮ್ಮನೆ ಖರ್ಚಾಗುತ್ತಲೇ ಇರುತ್ತದೆ.

ಹಾಗಾದರೆ ಯಾವುದು ಮೇಲು? ಉತ್ತರ ಕೆಲಸದ ಮೇಲೆ ನಿಂತಿದೆ. ಮನೆಯಲ್ಲಿ ಚಿಕ್ಕ ಕೇಬಲ್ ಹಾಕಿ ಕಲಿಯುವವರಿಗೆ ನಿಷ್ಕ್ರಿಯ ಪಿಕಪ್ ಧಾರಾಳವಾಗಿ ಸಾಕು. ದೊಡ್ಡ ವೇದಿಕೆ, ಉದ್ದ ಕೇಬಲ್, ಸುತ್ತ ನೂರಾರು ದೀಪಗಳಿದ್ದರೆ ಸಕ್ರಿಯ ಪಿಕಪ್ ಅನುಕೂಲ. ಇನ್ನು ನಾದದ ರುಚಿ ಅವರವರದು. ಅನುಭವಿ ವಾದಕರಲ್ಲಿ ಎರಡನ್ನೂ ಮೆಚ್ಚುವವರಿದ್ದಾರೆ. ಒಂದು ಮಾತಂತೂ ಖಂಡಿತ. ಶಕ್ತಿ ಪುಕ್ಕಟೆ ಸಿಗುವುದಿಲ್ಲ. ಬೆರಳು ಕೊಟ್ಟದ್ದಕ್ಕಿಂತ ಹೆಚ್ಚು ಬೇಕೆಂದರೆ ಬ್ಯಾಟರಿಯೋ ವಿದ್ಯುದಾಗಾರವೋ ಅದನ್ನು ಕೊಡಲೇಬೇಕು.

ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ ಸಿಗುವ ಎನಾಮಲ್ ಲೇಪದ ತಾಮ್ರದ ತಂತಿ, ರಟ್ಟಿನ ಕೊಳವೆ, ದಂಡಕಾಂತ, ಗ್ಯಾಲ್ವನೋಮೀಟರ್. ಗ್ಯಾಲ್ವನೋಮೀಟರ್ ನಿಮ್ಮ ಶಾಲೆಯಲ್ಲಿ ಇಲ್ಲದಿದ್ದರೆ ಹತ್ತಿರದ ಪ್ರೌಢಶಾಲೆಯಿಂದ ಎರವಲು ತರಲು ಶಿಕ್ಷಕರನ್ನು ಕೇಳಿ.

1. ಕೊಳವೆಯ ಮೇಲೆ ತಂತಿಯನ್ನು 50 ಸುತ್ತು ಸುತ್ತಿ. ಎರಡೂ ತುದಿಗಳ ಲೇಪವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದು ಗ್ಯಾಲ್ವನೋಮೀಟರಿಗೆ ಜೋಡಿಸಿ.
2. ಕಾಂತವನ್ನು ಕೊಳವೆಯೊಳಗೆ ಬೇಗನೆ ತಳ್ಳಿ. ಸೂಜಿಯನ್ನು ನೋಡಿ. ಹೊರಗೆ ಎಳೆಯಿರಿ. ಸೂಜಿ ಯಾವ ಕಡೆ ಹೋಯಿತು?
3. ಕಾಂತವನ್ನು ಒಳಗೇ ಅಲುಗದಂತೆ ಹಿಡಿಯಿರಿ. ಈಗ ಸೂಜಿ ಎಲ್ಲಿದೆ?
4. ಸುತ್ತುಗಳನ್ನು 100, ಆಮೇಲೆ 200 ಮಾಡಿ. ಸೂಜಿಯ ಚಲನೆಯನ್ನು ಪಟ್ಟಿ ಮಾಡಿ.

ಎಚ್ಚರಿಕೆ: ಈ ಸುರುಳಿಯನ್ನು ಗೋಡೆಯ ಪ್ಲಗ್ಗಿಗೆ ಎಂದೂ ಸೇರಿಸಬೇಡಿ. ಧ್ವನಿವರ್ಧಕದ ಪೆಟ್ಟಿಗೆಯನ್ನು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಅಪಾಯಕರ ವಿದ್ಯುದಾವೇಶ ಉಳಿದಿರಬಹುದು.

ಯೋಚಿಸಿ, ಉತ್ತರಿಸಿ

1. ಎಲೆಕ್ಟ್ರಿಕ್ ಗಿಟಾರಿನ ಒಂದು ಉಕ್ಕಿನ ತಂತಿಯ ಬದಲು ನೈಲಾನ್ ತಂತಿ ಕಟ್ಟಿದರೆ ಧ್ವನಿವರ್ಧಕದಲ್ಲಿ ಏನು ಕೇಳುತ್ತದೆ?
2. ಸಕ್ರಿಯ ಪಿಕಪ್ಪಿನ ಬ್ಯಾಟರಿ ಪೂರ್ತಿ ಮುಗಿದಿದೆ. ದೊಡ್ಡ ಧ್ವನಿವರ್ಧಕ ತಂದರೆ ಸಮಸ್ಯೆ ಬಗೆಹರಿಯುತ್ತದೆಯೆ?
3. ನಿಷ್ಕ್ರಿಯ ಪಿಕಪ್ಪಿನ ಸುತ್ತುಗಳನ್ನು ಎರಡು ಪಟ್ಟು ಮಾಡಿದರೆ ಲಾಭವೇನು, ನಷ್ಟವೇನು?
4. ನಿಮ್ಮ ಮನೆಯಲ್ಲಿರುವ ಕಾಂತ ಮತ್ತು ಸುರುಳಿ ಎರಡೂ ಇರುವ ಸಾಧನಗಳನ್ನು ಹುಡುಕಿ ಪಟ್ಟಿ ಮಾಡಿ.